ಮೂರನೇ ಟ್ಯಾಂಕಿನ ಮೇಲಿನ ಊರು

ಸುಳ್ಳು ಅಂತೀರಾ? ಅನ್ನಿ, ಪರವಾಗಿಲ್ಲ. ನಾನು ಹೇಳುವುದರಲ್ಲಿ ಅರ್ಧ ಸುಳ್ಳು ಇರುತ್ತದೆ ಎಂದು ನಮ್ಮ ಮನೆಯ ಗೋಡೆಗಳಿಗೂ ಗೊತ್ತು. ಆದರೆ ‘ಕಬ್ಬಿಣದ ಟ್ಯಾಂಕಿನ ಮೇಲೆ ಸುಣ್ಣ ನಿಲ್ಲುವುದಿಲ್ಲ, ಸುಣ್ಣ ಬಳಿದ ಮೇಲೆ ಅದರಡಿಯ ಚಿತ್ರ ಬೆಳಗಿನ ಹೊತ್ತು ಎದ್ದು ಕಾಣುವುದು ಸಾಧ್ಯವೇ ಇಲ್ಲ’ ಎಂದಿರಲ್ಲ, ಅದನ್ನು ಮಾತ್ರ ಒಪ್ಪುವುದಿಲ್ಲ ಸ್ವಾಮಿ. ಆ ಸುಣ್ಣದ ವಿಷಯ ಉಳಿದ ಅರ್ಧಕ್ಕೆ, ನಿಜಕ್ಕೆ ಸೇರಿದ್ದು.

ನಿಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇದೆಯೋ ಇಲ್ಲವೋ? ಎಷ್ಟು ಉಳಿದಿದೆ ಎಂದು ತಿಳಿಯಲು ಅದಕ್ಕೆ ಒದ್ದೆ ಬಟ್ಟೆ ಒರೆಸುತ್ತಾರೋ ಇಲ್ಲವೋ? ಖಾಲಿಯಾದ ಮೇಲ್ಭಾಗ ಬೇಗ ಒಣಗುತ್ತದೆ, ಗ್ಯಾಸ್ ಇರುವ ಕೆಳಭಾಗ ಒದ್ದೆಯಾಗಿಯೇ ಉಳಿಯುತ್ತದೆ. ಹಾಂ, ತಲೆ ಆಡಿಸಿದಿರಿ. ಅದೇ ಸಿಲಿಂಡರನ್ನು ಮೂರು ಮಹಡಿ ಎತ್ತರ ಮಾಡಿ, ಒಳಗೆ ಡೀಸೆಲ್ ತುಂಬಿ. ಒದ್ದೆ ಮಾಡುವ ಕೆಲಸವನ್ನು ಮಂಜಿಗೆ ಬಿಡಿ. ಸೂರ್ಯ ಹುಟ್ಟಿ ಅರ್ಧ ಗಂಟೆಗೆ ಖಾಲಿ ಭಾಗದ ತಗಡು ಬಿಸಿಯಾಗಿ ಒಣಗಿರುತ್ತದೆ. ಎಣ್ಣೆ ಇರುವಷ್ಟೂ ಭಾಗ ತಣ್ಣಗೆ ಬೆವರುತ್ತಾ ನಿಂತಿರುತ್ತದೆ. ಗೆರೆ ಎಳೆದ ಹಾಗೆ ಕಾಣುತ್ತದೆ. ನಾನು ಹತ್ತೊಂಬತ್ತು ವರ್ಷ ನಮ್ಮೂರಿನ ಡೀಸೆಲ್ ಡಿಪೋದಲ್ಲಿ ಟ್ಯಾಂಕು ಅಳೆಯುವ ಕೆಲಸ ಮಾಡಿದವನು. ದಿನವೂ ಏಣಿ ಹತ್ತಿ, ಮೇಲಿನ ಮುಚ್ಚಳ ತೆಗೆದು, ಗುಂಡು ಕಟ್ಟಿದ ಟೇಪನ್ನು ಒಳಗೆ ಇಳಿಬಿಟ್ಟು, ಎಣ್ಣೆ ಎಷ್ಟಿದೆ ಎಂದು ನೋಡುವುದು. ಮಂಜಿನ ಗೆರೆಗೂ ನನ್ನ ಟೇಪಿಗೂ ಎಂದೂ ಎರಡು ಬೆರಳಿಗಿಂತ ಹೆಚ್ಚು ವ್ಯತ್ಯಾಸ ಬಂದಿಲ್ಲ.

ಆದರೆ ಇದು ನನ್ನ ಕಥೆಯಲ್ಲ, ನನ್ನ ಭಾವನದು. ಅಕ್ಕನ ಗಂಡ. ಬೋರ್ಡು ಬರೆಯುವವರು. ಊರಿನಲ್ಲಿ ಅವರನ್ನು ‘ಪರೀಕ್ಷೆ ಪೇಂಟರ್’ ಎಂದೇ ಕರೆಯುತ್ತಿದ್ದರು. ಹೆಸರು ಬರಲು ಕಾರಣವಿತ್ತು. ಬೋರ್ಡಿನಲ್ಲಿ ಬರೆಯಬೇಕಾದ ಮಾತು ನಿಜವೋ ಅಲ್ಲವೋ ಎಂದು ನೋಡದೆ ಅವರು ಬ್ರಷ್ಷು ಅದ್ದುತ್ತಿರಲಿಲ್ಲ. ‘ಶುದ್ಧ ಹಾಲು’ ಎಂದು ಬರೆಸಲು ಬಂದವನ ಅಂಗಡಿಗೆ ಮೂರು ದಿನ ಹೋಗಿ, ದಿನಕ್ಕೊಂದು ಲೋಟ ಕುಡಿದು, ನಾಲ್ಕನೇ ದಿನ ಬರಿಗೈಯಲ್ಲಿ ವಾಪಸು ಬಂದರು. ಆತ ಕೊನೆಗೆ ‘ಹಾಲು’ ಎಂದಷ್ಟೇ ಬರೆಸಿಕೊಂಡ. ಕ್ಷೌರಿಕನೊಬ್ಬ ‘ನಗುನಗುತ್ತಾ ಸೇವೆ’ ಎಂದು ಬರೆಯಿರಿ ಅಂದಾಗ ಭಾವ ಅವನ ಕುರ್ಚಿಯಲ್ಲಿ ಕೂತು ತಲೆ ಬೋಳಿಸಿಕೊಂಡರು. ಒಮ್ಮೆಯೂ ನಗಲಿಲ್ಲ ಆ ಕ್ಷೌರಿಕ ಪುಣ್ಯಾತ್ಮ. ಭಾವನ ತಲೆಯೂ ಹೋಯಿತು, ಅವನ ಬೋರ್ಡೂ ಹೋಯಿತು.

“ನಿಮಗ್ಯಾಕ್ರೀ ಇದೆಲ್ಲಾ? ಬರೆಸೋರು ಅವರು, ಓದೋರು ಇವರು. ನೀವು ಮಧ್ಯ ಬಣ್ಣದ ಡಬ್ಬ ಇದ್ದ ಹಾಗೆ,” ಎಂದು ಅಕ್ಕ ಗೊಣಗುತ್ತಿದ್ದಳು.

“ಅಕ್ಷರ ನಂದು ಕಣೇ,” ಎನ್ನುತ್ತಿದ್ದರು ಭಾವ.

ಅವರ ಮನೆ ಡಿಪೋದ ಹಿಂದಿನ ಬೀದಿಯಲ್ಲಿತ್ತು. ಮುಂದಿನ ಕೋಣೆಯಲ್ಲಿ ಒಣಗಲು ಇಟ್ಟ ಬೋರ್ಡುಗಳು. ನೀವು ನೀರು ಕೇಳಿ ಕೂತರೆ ಬೆನ್ನ ಹಿಂದೆ ‘ಪಂಕ್ಚರ್ ಹಾಕಲಾಗುವುದು’ ಎಂದಿರುತ್ತಿತ್ತು. ಹಿತ್ತಿಲ ಬಾಗಿಲು ತೆಗೆದರೆ ಸಣ್ಣದೊಂದು ತೊರೆ. ಭಾವನ ಅಪ್ಪ, ಅವರೂ ಬೋರ್ಡು ಬರೆಯುವವರೇ, ಅದೇ ತೊರೆಯಲ್ಲಿ ಬ್ರಷ್ಷು ತೊಳೆದವರು. ಆ ತೊರೆಯ ಏಡಿಗಳು ಎಷ್ಟು ದೊಡ್ಡವೆಂದರೆ, ಒಂದು ಏಡಿ ಅವರ ಅಪ್ಪನ ಬ್ರಷ್ಷು ಕಿತ್ತುಕೊಂಡು ಹೋಗಿ ಎದುರು ದಂಡೆಯ ಬಂಡೆಯ ಮೇಲೆ ನೀಟಾಗಿ ಒಂದು ಗೆರೆ ಎಳೆದಿತ್ತಂತೆ. ಆಯಿತು, ಏಡಿಯ ವಿಷಯ ಬಿಡಿ. ತೊರೆಯ ವಿಷಯ ಬಿಡಬೇಡಿ. ಒಂದು ಮಳೆಗಾಲದಲ್ಲಿ ಡಿಪೋದ ಪೈಪೊಂದು ನೆಲದಡಿಯಲ್ಲಿ ಒಡೆದು, ಯಾರಿಗೂ ತಿಳಿಯದಂತೆ ಎರಡು ತಿಂಗಳು ಡೀಸೆಲ್ ಸೋರಿತು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ. ಮಕ್ಕಳು ಚಂದ ಇದೆ ಎಂದು ಕೋಲಿನಲ್ಲಿ ಕಲಕಿ ಆಡಿದರು. ಆಮೇಲೆ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ಅಕ್ಕನ ಬಾವಿಯ ನೀರು ಈಗಲೂ ಬಾಯಿಗೆ ಹಾಕಿದರೆ ಲಾರಿ ಸ್ಟ್ಯಾಂಡಿನ ವಾಸನೆ.

ಊರಿನವರು ಗಲಾಟೆ ಮಾಡಿದರು. ಕಂಪನಿ ಪೈಪು ಸರಿಮಾಡಿತು. ತೊರೆ ಸರಿಮಾಡುವುದು ಕಷ್ಟ, ಅದರ ಬದಲು ಡಿಪೋ ಸ್ವಲ್ಪ ಲಕ್ಷಣವಾಗಿ ಕಾಣಲಿ ಎಂದು ಮೇಲಿನವರು ಮ್ಯಾನೇಜರಿಗೆ ಹೇಳಿದರು. ಮ್ಯಾನೇಜರು ಭಾವನನ್ನು ಕರೆಸಿದ.

“ಮೂರನೇ ಟ್ಯಾಂಕು ರೋಡಿಗೆ ಕಾಣುತ್ತೆ. ಅದರ ಮೇಲೆ ಏನಾದ್ರೂ ಬರೀರಿ. ಮೀನು, ಹೂವು, ಜನಕ್ಕೆ ಖುಷಿ ಆಗೋ ಹಾಗೆ.”

“ನಮ್ಮೂರನ್ನೇ ಬರೀಲಾ ಸಾರ್?”

“ಬರೀರಿ. ಊರು ಅಂದ್ರೆ ಯಾರಿಗೆ ಬೇಡ.”

“ಆಯಿಲ್ ಪೇಂಟು ಬೇಡ ಸಾರ್. ಅದರ ಥಿನ್ನರು, ತೊಳೆದ ನೀರು, ಎಲ್ಲಾ ತೊರೆಗೇ ಹೋಗುತ್ತೆ. ಸುಣ್ಣದಲ್ಲೇ ಬರೀತೀನಿ.”

ಮ್ಯಾನೇಜರಿಗೆ ಖರ್ಚು ಕಡಿಮೆ ಎಂಬುದಷ್ಟೇ ಕೇಳಿಸಿತು. ನನಗೆ ಮಾತ್ರ ನಿಮ್ಮ ಹಾಗೆಯೇ ಅನುಮಾನ ಬಂತು. “ಭಾವ, ಕಬ್ಬಿಣಕ್ಕೆ ಸುಣ್ಣ ಹಿಡಿಯುತ್ತಾ?” ಎಂದೆ. ಅವರು ಕೆನೆ ತೆಗೆದ ಹಾಲಿನಲ್ಲಿ ಸುಣ್ಣ ಕಲಸಿ, ಅಂಟು ಸೇರಿಸಿ, ಕೆಂಪು ಮಣ್ಣು, ಹಳದಿ ಮಣ್ಣು, ದೀಪದ ಕಪ್ಪು ಬೆರೆಸಿದರು. ಮೊದಲೇ ತುಕ್ಕು ಹಿಡಿದು ಒರಟಾಗಿದ್ದ ತಗಡು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಹಾಲಿನ ವಾಸನೆಗೆ ನಲವತ್ತು ಬೆಕ್ಕುಗಳು ಸಾಲಾಗಿ ನಿಂತು ಟ್ಯಾಂಕು ನೆಕ್ಕಿದವು ಸ್ವಾಮಿ. ಗೇಟಿನ ಕಾವಲುಗಾರ ಅವಕ್ಕೆ ಟೋಕನ್ ಕೊಡುತ್ತಿದ್ದ.

ಮೂರು ತಿಂಗಳು ಬರೆದರು. ತೀರಾ ಕೆಳಗೆ ತೊರೆ, ಅದರ ಪಕ್ಕ ತಮ್ಮದೇ ಬೀದಿ. ಅದರ ಮೇಲೆ ಸಂತೆ, ಲಾರಿ ಸ್ಟ್ಯಾಂಡು, ಐಸ್ ಫ್ಯಾಕ್ಟರಿ. ಇನ್ನೂ ಮೇಲೆ ಬಸ್ ನಿಲ್ದಾಣ, ಆಸ್ಪತ್ರೆ, ಅದರ ಮುಂದೆ ಬಾಗಿಲು ತೆರೆದ ಆಂಬುಲೆನ್ಸು. ಆಮೇಲೆ ಶಾಲೆ, ಸೇತುವೆ. ಎಲ್ಲಕ್ಕಿಂತ ಮೇಲೆ, ಟ್ಯಾಂಕಿನ ಕಂಠದಲ್ಲಿ, ಒಂದು ಟ್ಯಾಂಕಿನ ಚಿತ್ರ, ಅದರ ನೆತ್ತಿಯಲ್ಲಿ ಟೇಪು ಹಿಡಿದು ನಿಂತ ಒಬ್ಬ ಗಿಡ್ಡ. ನಾನೇ. ಹೊಟ್ಟೆ ಸ್ವಲ್ಪ ಕಡಿಮೆ ಮಾಡಿ ಎಂದು ಕೇಳಿಕೊಂಡೆ. ‘ಇರೋದನ್ನ ಬರೀತೀನಿ’ ಅಂದುಬಿಟ್ಟರು.

ಮಂಜು ಬೀಳುವ ತಿಂಗಳು ಬಂದಾಗಲೇ ಆ ಚಿತ್ರದ ಗುಟ್ಟು ಗೊತ್ತಾಗಿದ್ದು. ಒಂದು ಬೆಳಿಗ್ಗೆ ಕಾವಲುಗಾರ ನನ್ನನ್ನು ಕೈ ಹಿಡಿದು ರಸ್ತೆಗೆ ಎಳೆದುಕೊಂಡು ಹೋದ. ಚಿತ್ರದ ಕೆಳಗಿನ ಅರ್ಧ ಒದ್ದೆಯಾಗಿ ಕಪ್ಪೇರಿತ್ತು. ತೊರೆ, ಬೀದಿ, ಸಂತೆ, ಲಾರಿ ಎಲ್ಲ ಮುಳುಗಿದ ಹಾಗೆ. ಬಸ್ ನಿಲ್ದಾಣದ ಮೇಲಿನದೆಲ್ಲ ಒಣಗಿ ಬೆಳ್ಳಗೆ ನಿಂತಿತ್ತು. ನಾನು ಹತ್ತಿ ಟೇಪು ಬಿಟ್ಟೆ. ಸರಿಯಾಗಿ ಬಸ್ ನಿಲ್ದಾಣದ ಎತ್ತರಕ್ಕೆ ಡೀಸೆಲ್.

ಆವತ್ತಿನಿಂದ ಊರಿಗೆ ಹೊಸ ಅಭ್ಯಾಸವಾಯಿತು. ಬೆಳಿಗ್ಗೆ ಹಾಲಿಗೆ ಹೊರಟವರು, ವಾಕಿಂಗಿಗೆ ಹೊರಟವರು ಒಂದು ಗಳಿಗೆ ನಿಂತು ನೋಡುವುದು. “ಇವತ್ತು ಎಲ್ಲಿಗೆ?” “ಸಂತೆ ತನಕ.” “ಅಯ್ಯೋ, ಇಳಿದುಹೋಯ್ತಲ್ಲ!” ಇಳಿದರೆ ಬಸ್ಸು ನಿಲ್ಲುತ್ತದೆಂಬ ಚಿಂತೆ. ಏರಿದರೆ ತಮ್ಮ ಮನೆ ಮುಳುಗಿದ್ದು ನೋಡಿ ಒಂಥರಾ ಕಸಿವಿಸಿ. ಬೋರ್ಡಿನ ಹಾಗೆ ಓದಿ ಮುಗಿಸಿ ಹೋಗುವ ಚಿತ್ರ ಅದಾಗಿರಲಿಲ್ಲ.

ಅಕ್ಕನೂ ಒಂದು ದಿನ ಸೊಂಟಕ್ಕೆ ಕೈ ಕೊಟ್ಟು ನಿಂತು ನೋಡಿದಳು. “ನಮ್ಮ ಮನೇನ ಯಾಕ್ರೀ ತಳದಲ್ಲಿ ಹಾಕಿದ್ದೀರಿ? ಯಾವಾಗ್ಲೂ ಮುಳುಗೇ ಇರುತ್ತೆ.”

“ಮುಳುಗೇ ಇದ್ದೀವಲ್ಲ.”

“ನಾನು ಹಚ್ಚೋದು ಸೀಮೆಎಣ್ಣೆ ಸ್ಟವ್ವು. ಇದು ಡೀಸೆಲ್ಲು.”

“ಸೀಮೆಎಣ್ಣೆ ತರೋ ಲಾರಿ ಏನು ಕುಡಿಯುತ್ತೆ? ಹಾಲಾ?”

ಸಂಜೆ ಸ್ಟವ್ವು ಹಚ್ಚುವಾಗ ಅಕ್ಕ ಕಡ್ಡಿ ಗೀರಿ, ಅದರ ಉರಿಯನ್ನೇ ನೋಡುತ್ತಾ ಕೂತಳು. ಬೆರಳು ಸುಟ್ಟುಕೊಂಡು ಭಾವನಿಗೆ ಬೈದಳು.

ಈಗ ಬರುವುದು ನನಗೆ ಹೇಳಲು ಅಷ್ಟು ಇಷ್ಟವಿಲ್ಲದ ಭಾಗ. ಮರುವರ್ಷ ಒಣಗಾಳಿಯ ದಿನಗಳಲ್ಲಿ, ಮಂಜಿನ ಹನಿಯೂ ಬೀಳದ ಒಂದು ವಾರದಲ್ಲಿ, ಮ್ಯಾನೇಜರಿಗೆ ಮೇಲಿನಿಂದ ಫೋನು ಬಂತು. ಹತ್ತು ದಿನದಲ್ಲಿ ಡೀಸೆಲ್ ರೇಟು ಏರುತ್ತದೆ, ಅಲ್ಲಿಯ ತನಕ ಎಣ್ಣೆ ಹೊರಗೆ ಬಿಡುವುದು ಬೇಡ. ಮೂರನೇ ಟ್ಯಾಂಕು ಆಗಷ್ಟೇ ಭರ್ತಿಯಾಗಿತ್ತು. ಆತ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದ. “ನಿನ್ನ ಟೇಪು ಏನು ಹೇಳುತ್ತೋ ಅದು ನನಗೊಬ್ಬನಿಗೆ ಹೇಳು. ಹೊರಗೆ ಬಾಯಿಬಿಟ್ಟರೆ ಮರುದಿನದಿಂದ ಏಣಿ ಹತ್ತೋದು ಬೇರೆಯವರು.” ನಾನು ತಲೆ ಅಲ್ಲಾಡಿಸಿದೆ. ಆ ತಲೆಗೆ ಆಗ ಕೂದಲಿತ್ತು, ಬುದ್ಧಿ ಇರಲಿಲ್ಲ.

ಆಮೇಲೆ ಆತ ಭಾವನನ್ನು ಕರೆಸಿ ಗೇಟಿಗೆ ಬೋರ್ಡು ಬರೆಯಲು ಹೇಳಿದ. ‘ಸ್ಟಾಕ್ ಇಲ್ಲ.’

ಪರೀಕ್ಷೆ ಪೇಂಟರ್ ಸುಮ್ಮನೆ ಬರೆಯುತ್ತಾರೆಯೇ? ಟ್ಯಾಂಕು ನೋಡಿದರು. ಮಂಜಿಲ್ಲ, ಚಿತ್ರ ಪೂರ್ತಿ ಒಣಗಿದೆ, ಏನೂ ಹೇಳುತ್ತಿಲ್ಲ. ಏಣಿಯ ಬುಡದಲ್ಲಿ ನಿಂತಿದ್ದ ನನ್ನ ಹತ್ತಿರ ಬಂದರು.

“ಹೌದೇನಯ್ಯ? ಇಲ್ವಾ?”

“ಇಲ್ಲ ಭಾವ.”

ಅಷ್ಟೇ. ಇನ್ನೊಂದು ಪ್ರಶ್ನೆ ಕೇಳಲಿಲ್ಲ. ನನ್ನ ಮಾತನ್ನು ಪರೀಕ್ಷಿಸಬೇಕು ಎಂದು ಅವರಿಗೆ ಹೊಳೆಯಲೇ ಇಲ್ಲ. ಬ್ರಷ್ಷು ಅದ್ದಿದರು, ಬರೆದರು, ದುಂಡಗೆ, ಮುತ್ತಿನ ಹಾಗೆ. ಇಪ್ಪತ್ತೆರಡು ವರ್ಷದಲ್ಲಿ ಅವರ ಕೈಯಿಂದ ಬಂದ ಮೊದಲ ಸುಳ್ಳು ಬೋರ್ಡು. ಬರೆಸಿದ್ದು ಮ್ಯಾನೇಜರಲ್ಲ ಸ್ವಾಮಿ, ನಾನು.

ಊರು ಆ ಬೋರ್ಡನ್ನು ನಂಬಿತು. ಭಾವನ ಅಕ್ಷರ ನೋಡಿ ನಂಬಿತು. ‘ಪರೀಕ್ಷೆ ಪೇಂಟರ್ ಬರೆದಿದ್ದಾರೆ ಅಂದ್ರೆ ಇಲ್ಲ ಅಂತಲೇ ಅರ್ಥ’ ಎಂದು ಲಾರಿಯವರು ಕ್ಯಾನು ಎತ್ತಿಕೊಂಡು ಹಿಂತಿರುಗಿದರು. ಬಸ್ಸುಗಳು ಅರ್ಧವಾದವು. ಐಸ್ ಫ್ಯಾಕ್ಟರಿ ನಿಂತು ಮೀನು ಮಾರುವ ಹೆಂಗಸರು ಬುಟ್ಟಿ ಮಗುಚಿ ಕೂತರು. ಐದನೇ ದಿನ ಆಂಬುಲೆನ್ಸಿನ ಡ್ರೈವರು ಒಬ್ಬ ಬಸುರಿಯನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ತಂದ. ಮಗು ಉಳಿಯಿತು, ತಾಯಿಯೂ ಉಳಿದಳು. ಆದರೆ ಆ ಗಾಡಿ ನನ್ನ ಮುಂದೆಯೇ ಹಾದುಹೋಯಿತು.

ಆರನೇ ದಿನ ಗಾಳಿ ತಿರುಗಿ ಮಂಜು ಸುರಿಯಿತು. ಬೆಳಿಗ್ಗೆ ರಸ್ತೆಯಲ್ಲಿ ಜನ ಕತ್ತೆತ್ತಿ ನಿಂತಿದ್ದರು. ಸಂತೆ ಒದ್ದೆ, ಆಸ್ಪತ್ರೆ ಒದ್ದೆ, ಶಾಲೆ ಒದ್ದೆ, ಸೇತುವೆ ಒದ್ದೆ. ಕಂಠದಲ್ಲಿ ನಿಂತ ಗಿಡ್ಡನ ಕಾಲಿನವರೆಗೂ ಒದ್ದೆ. ಮೀನು ಮಾರುವ ಹೆಂಗಸೊಬ್ಬಳು ಕೇಳಿಯೇಬಿಟ್ಟಳು: “ಪೇಂಟರಣ್ಣ, ಬೋರ್ಡೂ ನಿಮ್ಮದೇ, ಚಿತ್ರಾನೂ ನಿಮ್ಮದೇ. ಯಾವುದನ್ನ ನಂಬಲಿ?”

ಭಾವ ನನ್ನ ಕಡೆ ತಿರುಗಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. “ನಿನ್ನನ್ನ ಕೇಳಿ ಬರೆದೆ ಕಣಯ್ಯ,” ಅಂದರು, ಅಷ್ಟೇ.

ಅಷ್ಟರಲ್ಲಿ ಮ್ಯಾನೇಜರು ಓಡಿಬಂದ. “ಅದು ಬರೀ ತೇವ! ಬರೀ ತೇವ!” ಎಂದು ಕೂಗಿ, ನಮ್ಮಿಬ್ಬರನ್ನೂ ಒಳಗೆ ಎಳೆದುಕೊಂಡ.

“ಆ ಚಿತ್ರ ಇವತ್ತೇ ಹೋಗಬೇಕು. ಕೆರೆದುಹಾಕಿ.”

“ತುಂಬಿದ ಟ್ಯಾಂಕಿಗೆ ಕಬ್ಬಿಣ ತಾಗಿಸೋ ಹಾಗಿಲ್ಲ ಸಾರ್, ಕಿಡಿ ಹಾರುತ್ತೆ,” ಎಂದೆ ಅಭ್ಯಾಸಬಲದಿಂದ.

“ಯಾವ ತುಂಬಿದ ಟ್ಯಾಂಕು?” ಎಂದು ಆತ ಹಲ್ಲು ಕಡಿದ. ಆದರೂ ಕೆರೆಸುವ ಮಾತು ಅಲ್ಲಿಗೇ ಬಿಟ್ಟ. ಅವನಿಗೂ ಜೀವದಾಸೆ ಇತ್ತು. “ಹಾಗಾದ್ರೆ ದಪ್ಪ ಆಯಿಲ್ ಪೇಂಟು ಹೊಡೀರಿ.”

“ಅಂಗಡೀಲಿ ಇಲ್ಲ ಸಾರ್,” ಅಂದರು ಭಾವ. “ಬಣ್ಣದ ಲಾರಿ ಬಂದಿಲ್ಲವಂತೆ. ಡೀಸೆಲ್ ಸ್ಟಾಕ್ ಇಲ್ಲವಂತೆ.”

ಮ್ಯಾನೇಜರಿನ ಮುಖ ಇಂಗು ತಿಂದ ಮಂಗನ ಹಾಗಾಯಿತು. “ಮತ್ತೇನಿದೆ ನಿಮ್ಮ ಹತ್ತಿರ?”

“ಸುಣ್ಣ ಇದೆ.”

“ಹೊಡೀರಿ. ಇಲ್ಲದಿದ್ರೆ ಈ ಊರಲ್ಲಿ ಇನ್ನು ನಿಮಗೆ ಒಂದು ಬೋರ್ಡಿನ ಕೆಲಸಾನೂ ಸಿಗದ ಹಾಗೆ ಮಾಡ್ತೀನಿ.”

ಹೊರಗೆ ಬಂದ ಮೇಲೆ ನಾನು ಅವರ ಕೈ ಹಿಡಿದುಕೊಂಡೆ. “ಭಾವ, ಬೇಡ. ಆ ಬೋರ್ಡು ಸಾಲದು ಅಂತ ಇನ್ನೊಂದು ಸುಳ್ಳು ಬಳೀಬೇಡಿ. ನನ್ನಿಂದ ಆಗಿದ್ದು ಸಾಕು.”

“ಒಂದೇ ಕೋಟು ಹೊಡೀತೀನಿ,” ಅಂದರು. “ನೀನು ಏಣಿ ಹಿಡ್ಕೋ.”

ಅವತ್ತು ಇಡೀ ಹಗಲು ಊರು ನೋಡುತ್ತಿದ್ದಂತೆಯೇ ಭಾವ ತಾವು ಬರೆದ ಊರನ್ನು ಅಳಿಸಿದರು. ನಾನು ಕೆಳಗೆ ಬಿದಿರೇಣಿ ಹಿಡಿದು, ಅವರು ಸರಿದಂತೆ ಸರಿಸುತ್ತಾ ಹೋದೆ. ಕೆಳಗಿನಿಂದ ಒಬ್ಬ ಲಾರಿಯವನು, “ಏನು ಪೇಂಟರೇ, ಪರೀಕ್ಷೆಲಿ ಫೇಲಾದ್ರಾ?” ಎಂದು ಕೂಗಿದ. ಭಾವ ಬ್ರಷ್ಷು ಅದ್ದಿ ಮುಂದಿನ ಪಟ್ಟಿ ಬಳಿದರು. ಸಂಜೆಯ ಬಿಸಿಲಿಗೆ ಸುಣ್ಣ ಒಣಗಿ ಟ್ಯಾಂಕು ಹಾಲಿನ ಹಾಗೆ ಬಿಳುಪಾಯಿತು. ಮ್ಯಾನೇಜರು ಬೆನ್ನು ತಟ್ಟಿ ಹೋದ. ಮನೆಗೆ ಬಂದ ಮೇಲೆ ಭಾವನ ಸುಣ್ಣಕ್ಕೆ ಬಿರಿದ ಕೈಗೆ ಅಕ್ಕ ಕೊಬ್ಬರಿ ಎಣ್ಣೆ ಸವರಿದಳು. ಊಟಕ್ಕೆ ಕೂತಾಗ ಭಾವ ನನಗೆ, “ನಾಳೆ ಬೆಳಿಗ್ಗೆ ಬೇಗ ಬಾ,” ಅಂದರು.

ಜೀವನದಲ್ಲಿ ಒಮ್ಮೆಯಾದರೂ ಕೈಯಾರೆ ಗೋಡೆಗೆ ಸುಣ್ಣ ಬಳಿದವರಿಗೆ ಇದು ಗೊತ್ತಿರುತ್ತದೆ. ಹಸಿಯಿದ್ದಾಗ ಸುಣ್ಣ ಬಳಿದದ್ದೇ ಕಾಣುವುದಿಲ್ಲ, ಹಳೇ ಗೋಡೆ ಹಾಗೆಯೇ ಇಣುಕುತ್ತಿರುತ್ತದೆ. ಒಣಗಿದ ಮೇಲೆಯೇ ಬಿಳುಪು. ಮತ್ತೆ ಒದ್ದೆಯಾದರೆ, ಅದೂ ಒಂದೇ ತೆಳು ಕೋಟಾದರೆ, ಮತ್ತೆ ಗಾಜಿನ ಹಾಗೆ ಅಡಿಯದನ್ನು ತೋರಿಸುತ್ತದೆ. ಮ್ಯಾನೇಜರು ಸುಣ್ಣದ ಬ್ರಷ್ಷು ಹಿಡಿದವನಲ್ಲ. ನಾನೂ ಹಿಡಿದವನಲ್ಲ.

ಏಳನೇ ದಿನದ ಬೆಳಗು. ಮಂಜು. ನಾವು ಹೋಗುವಷ್ಟರಲ್ಲಿ ಅರ್ಧ ಊರು ಅಲ್ಲಿತ್ತು. ಬಿಳೀ ಟ್ಯಾಂಕಿನ ತಳದಿಂದ ತೊರೆ ಮೇಲೇಳುತ್ತಿತ್ತು. ಆಮೇಲೆ ಬೀದಿ, ಸಂತೆ. ಹನಿ ಕೂತಲ್ಲೆಲ್ಲ ಸುಣ್ಣ ಕರಗಿದ ಹಾಗಾಗಿ, ಆಸ್ಪತ್ರೆ ಬಂತು, ಆಂಬುಲೆನ್ಸು ಬಂತು, ಶಾಲೆ ಬಂತು, ಸೇತುವೆ ಬಂತು. ಕೊನೆಗೆ ನನ್ನ ಎರಡು ಕಾಲು. ಅಲ್ಲಿಂದ ಮೇಲೆ ಬರೀ ಬಿಳುಪು. ಡೀಸೆಲ್ ಎಲ್ಲಿಯ ತನಕ ಇತ್ತೋ ಅಲ್ಲಿಯ ತನಕ ಚಿತ್ರ. ಹೊಟ್ಟೆ ಮಾತ್ರ ಕಾಣಲಿಲ್ಲ, ಅದೊಂದು ಸಮಾಧಾನ.

ಯಾರೂ ಕೂಗಲಿಲ್ಲ, ಕಲ್ಲು ಎತ್ತಲಿಲ್ಲ. ಆಂಬುಲೆನ್ಸಿನ ಡ್ರೈವರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಅಣ್ಣ, ಒಂದ್ಸಲ ಹತ್ತಿ ಅಳೆದು ಹೇಳಿಬಿಡಿ.”

ಮ್ಯಾನೇಜರು ಗೇಟಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ಭಾವ ನನ್ನನ್ನು ನೋಡಲಿಲ್ಲ. ಏಣಿಯ ಬುಡಕ್ಕೆ ಹೋಗಿ ಎರಡೂ ಕೈಯಲ್ಲಿ ಅದನ್ನು ಹಿಡಿದು ನಿಂತರು, ಹಿಂದಿನ ದಿನ ನಾನು ಅವರಿಗೆ ಹಿಡಿದ ಹಾಗೆ. ಬೋಲ್ಟು ಹಾಕಿ ಟ್ಯಾಂಕಿಗೆ ಬಿಗಿದ ಕಬ್ಬಿಣದ ಏಣಿ ಅದು, ಹಿಡಿಯುವ ಅಗತ್ಯವೇ ಇರಲಿಲ್ಲ. ನಾನು ಹತ್ತಿದೆ. ಟೇಪು ಬಿಟ್ಟೆ. ಇದ್ದದ್ದನ್ನು ಇದ್ದಹಾಗೆ ಅಲ್ಲಿಂದಲೇ ಕೂಗಿ ಹೇಳಿದೆ: “ಹನ್ನೊಂದು ಮೀಟರು! ಭರ್ತಿ!” ನನ್ನ ದನಿ ಏಳು ಊರಿಗೆ ಕೇಳಿತು. ಸರಿ, ಮೂರು ಬೀದಿಗೆ.

ಆಮೇಲೆ ಮ್ಯಾನೇಜರು ಏನು ತಾನೇ ಮಾಡಿಯಾನು? ಹತ್ತು ಗಂಟೆಗೆ ವಾಲ್ವು ತಿರುಗಿಸಿದ. ಮೊದಲ ಕ್ಯಾನು ಆಂಬುಲೆನ್ಸಿಗೆ ಎಂದು ಲಾರಿಯವರೇ ದಾರಿ ಬಿಟ್ಟರು. ಭಾವ ಮಾತ್ರ ಅತ್ತ ನೋಡದೆ ಡಬ್ಬ ಹಿಡಿದು ಗೇಟಿಗೆ ಹೋದರು. ‘ಇಲ್ಲ’ ಎಂಬುದನ್ನು ಒರೆಸಿ ‘ಇದೆ’ ಎಂದು ಬರೆದರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಹಿಂದೆ ತಪ್ಪು ಬರೆದಿದ್ದೆ’ ಎಂದು ಬರೆದು ತಮ್ಮ ಸಹಿ ಹಾಕಿದರು. ಜೀವನದಲ್ಲಿ ಯಾವ ಬೋರ್ಡಿಗೂ ಸಹಿ ಹಾಕದವರು, ಆ ಒಂದಕ್ಕೆ ಹಾಕಿದರು. ‘ನನ್ನ ಹೆಸರೂ ಹಾಕಿ ಭಾವ, ತಪ್ಪು ನಂದಲ್ವಾ’ ಅಂದೆ. ‘ಅಕ್ಷರ ನಂದು’ ಅಂದರು.

ನನ್ನ ಕೆಲಸ ಆ ತಿಂಗಳೇ ಹೋಯಿತು. ಮರುದಿನದಿಂದ ಭಾವನ ಡಬ್ಬ ಹೊರುವವನಾದೆ, ಇವತ್ತಿಗೂ ಅದೇ ಉದ್ಯೋಗ. ಚಿತ್ರ ಕೆರೆಯಲು ಕಂಪನಿ ಟ್ಯಾಂಕು ಪೂರ್ತಿ ಖಾಲಿ ಮಾಡಬೇಕಿತ್ತು. ಖಾಲಿ ಮಾಡಲು ಮನಸ್ಸು ಬರಲಿಲ್ಲ, ಹಾಗಾಗಿ ಸುಣ್ಣ ಹಾಗೆಯೇ ಉಳಿಯಿತು. ಮಳೆ ಕಳೆದ ಮೇಲೆ ಪ್ರತಿವರ್ಷ ಭಾವ ಕೇಳದೆಯೇ ಹೋಗಿ, ಸವೆದ ಕಡೆ ಚಿತ್ರ ತಿದ್ದಿ, ಮೇಲೊಂದು ತೆಳು ಕೋಟು ಬಳಿದು ಬರುತ್ತಿದ್ದರು. ಹೊಸ ಮ್ಯಾನೇಜರು ನೋಡಿಯೂ ನೋಡದ ಹಾಗಿರುತ್ತಿದ್ದ. ತೊರೆಯಲ್ಲಿ ಈಗ ಸಣ್ಣ ಮೀನು ಬಂದಿವೆ. ಏಡಿ ಇನ್ನೂ ಬಂದಿಲ್ಲ. ಬಂದಾಗ ಬ್ರಷ್ಷು ಕೇಳುತ್ತದೋ ಏನೋ—

“ಏಯ್, ತಟ್ಟೆ ಹಾಕಿ ಎಷ್ಟೊತ್ತಾಯ್ತು! ಬರ್ತೀಯೋ ಇಲ್ವೋ?”

ನೋಡಿ, ಅವರೇ. ಎಂಬತ್ತಾರು ವಯಸ್ಸು, ದನಿ ಮಾತ್ರ ಹಾಗೇ ಇದೆ. ಬಂದೆ ಭಾವ!

“ಯಾರ ಹತ್ರ ಮಾತು? ಟ್ಯಾಂಕಿನ ಕಥೆನಾ? ಇವತ್ತು ಬೆಕ್ಕು ಎಷ್ಟು ಹೇಳಿದೆ?”

“ನಲವತ್ತು ಭಾವ.”

“ಎರಡು ಕಣಯ್ಯ. ಒಂದು ಕಪ್ಪು, ಒಂದು ಕುಂಟು. ಹೋಗಿ ಸರಿಯಾಗಿ ಹೇಳಿ ಬಾ. ಆಮೇಲೆ ಊಟ.”

ಆ ಬೋರ್ಡಿನ ದಿನದಿಂದ ನನ್ನ ಮಾತನ್ನೂ ಪರೀಕ್ಷೆ ಮಾಡದೆ ಬಿಡುವುದಿಲ್ಲ ನೋಡಿ ಅವರು. ಹಸಿವಾಗುತ್ತಿದೆ. ಸ್ವಾಮಿ, ಎರಡೇ ಬೆಕ್ಕು.